ದ್ರಾಕ್ಷಿ ಚರಟದ ಬೆಂಕಿ

ದಾವಣಗೆರೆಯ ಜನಕ್ಕೆ ಮಂಡಕ್ಕಿ ಬೇಕು, ಮಂಡಕ್ಕಿ ಹುರಿಯುವ ಹೊಗೆ ಮಾತ್ರ ಬೇಡ. ಸಂಜೆ ಮಿರ್ಚಿ ಜೊತೆ ಪೊಟ್ಟಣ ಕಟ್ಟಿಸಿಕೊಂಡು ಹೋದವರೇ ಬೆಳಿಗ್ಗೆ ಭಟ್ಟಿಗಳ ದಾರಿಯಲ್ಲಿ ಸ್ಕೂಟರ್ ಓಡಿಸುವಾಗ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ನೂರ್ಜಹಾನ್‌ಗೆ ಅವರ ಮೇಲೆ ಯಾವತ್ತೂ ಸಿಟ್ಟು ಬಂದಿಲ್ಲ. ಹೊಗೆ ಯಾರಿಗೆ ತಾನೇ ಇಷ್ಟ? ಅವಳ ಸಿಟ್ಟೆಲ್ಲ ಹೊಗೆಯ ಮೇಲೆಯೇ. ಅದು ಅವಳ ಗಂಡನ ಎದೆಯೊಳಗೆ ಹೊಕ್ಕು ಕೂತಿತ್ತು.

ಅವಳು ಹುಟ್ಟಿದ್ದು ಹರಿಹರದಲ್ಲಿ. ಅಪ್ಪ ಗಾದಿ ಹೊಲಿಯುತ್ತಿದ್ದ. ಮನೆ ತುಂಬ ಹತ್ತಿ, ಹೊರಗೆ ಹೊಳೆಯ ಗಾಳಿ. ಹೊಗೆ ಅಂದರೆ ಅಡುಗೆ ಒಲೆಯದ್ದಷ್ಟೇ ಗೊತ್ತು. ಮದುವೆಯಾಗಿ ದಾವಣಗೆರೆಯ ಆನೆಕೊಂಡಕ್ಕೆ ಬಂದ ಹೊಸದರಲ್ಲಿ ಅವಳ ಕಣ್ಣಿಂದ ನೀರು ಇಳಿಯುವುದು ನೋಡಿ, ಪಾಪ, ತವರಿನ ನೆನಪು ಎಂದುಕೊಂಡು ಅತ್ತೆ ಮಡಿಲಲ್ಲಿ ಮಲಗಿಸಿಕೊಂಡು ಸಮಾಧಾನ ಮಾಡಿದ್ದಳು. ಅದು ಬರೀ ಹೊಗೆಯ ಕಣ್ಣೀರು. ಅತ್ತೆಯ ಮಡಿಲು ಹಿತವಾಗಿದ್ದರಿಂದ ನೂರ್ಜಹಾನ್ ನಿಜ ಹೇಳುವ ಗೋಜಿಗೆ ಹೋಗಲಿಲ್ಲ.

ಗಂಡ ಇಮಾಮ್ ಸಾಬ್‌ದು ಅಪ್ಪನ ಕಾಲದ ಭಟ್ಟಿ. ಅಲ್ಲಿ ಕೆಲಸದ ಹಂಚಿಕೆ ಗೆರೆ ಕೊರೆದ ಹಾಗೆ ಇತ್ತು. ಒಲೆಯ ಬಾಯಿ ಗಂಡಸಿನದು. ಅಕ್ಕಿಗೆ ಉಪ್ಪುನೀರು ಉಣಿಸಿ ಒಣಗಿಸುವುದು, ಕಾದ ಮರಳಿನಲ್ಲಿ ಅದು ಅರಳಿದ ಮೇಲೆ ಜರಡಿ ಹಿಡಿದು ಮರಳು ಬೇರೆ, ಮಂಡಕ್ಕಿ ಬೇರೆ ಮಾಡುವುದು ಹೆಂಗಸಿನದು. ಶುಕ್ರವಾರ ಮೊದಲ ಸಲ ಹುರಿದು ತೆಗೆದ ಒಬ್ಬೆಯನ್ನು ಮಾರುವಂತಿಲ್ಲ. ಅದು ದರ್ಗಾಕ್ಕೆ ಹೋಗಬೇಕು. ಮಿಕ್ಕಿದ್ದು ಯಾರಿಗೆ ಬೇಕಾದರೂ ಮಾರಬಹುದು, ಬಾರಿನವರನ್ನು ಬಿಟ್ಟು. ಈ ಕೊನೆಯ ಕಟ್ಟಳೆ ಮಾತ್ರ ಇಮಾಮ್ ಸಾಬ್ ತಾನೇ ಮಾಡಿಕೊಂಡದ್ದು. ಬಾರುಗಳಲ್ಲಿ ಖಾರ ಮಂಡಕ್ಕಿ ಎಷ್ಟು ಖರ್ಚಾಗುತ್ತದೆ ಎಂದು ಊರಿಗೇ ಗೊತ್ತು. ಒಬ್ಬ ಬಾರಿನ ಮಾಲೀಕ ದಿನಾ ಚೀಲಗಟ್ಟಲೆ ಎತ್ತುತ್ತೇನೆ ಎಂದು ಬಾಗಿಲಿಗೇ ಬಂದಾಗ, “ಕುಡಿಯೋರ ತಟ್ಟಿಗೆ ನನ್ನ ಮಂಡಕ್ಕಿ ಬ್ಯಾಡ್ರಿ” ಎಂದು ಇಮಾಮ್ ಸಾಬ್ ಕಡ್ಡಿ ಮುರಿದ ಹಾಗೆ ಹೇಳಿದ್ದ. ಚಹಾ ಕುಡಿಸಿಯೇ ಕಳಿಸಿದ, ಅದು ಬೇರೆ ಮಾತು. ಬಾಗಿಲಿಗೆ ಬಂದ ವ್ಯಾಪಾರ ಹೋಯಿತಲ್ಲ ಎಂದು ನೂರ್ಜಹಾನ್ ಅವತ್ತು ಇಡೀ ದಿನ ಹೊಟ್ಟೆ ಉರಿಸಿಕೊಂಡಿದ್ದಳು.

ಒಂದು ಕಾಲಕ್ಕೆ ಅಕ್ಕಿ ಗಿರಣಿಯವರು, ಈ ಹೊಟ್ಟನ್ನು ಯಾರಾದರೂ ಕಣ್ಣೆದುರಿಂದ ಎತ್ತಿಕೊಂಡು ಹೋದರೆ ಸಾಕಪ್ಪಾ ಎನ್ನುತ್ತಿದ್ದರು. ಭಟ್ಟಿಗೆ ಅದೇ ಉರುವಲು. ಆಮೇಲೆ ಬಾಯ್ಲರ್ ಇಟ್ಟುಕೊಂಡವರೆಲ್ಲ ಹೊಟ್ಟಿನ ಹಿಂದೆ ಬಿದ್ದರು, ಹೊಟ್ಟಿಗೂ ಬೆಲೆ ಬಂತು, ಗತ್ತು ಬಂತು. ಇಮಾಮ್ ಸಾಬ್ ಹಳೆ ಟೈರು, ಹರಿದ ಚಪ್ಪಲಿಯ ರಬ್ಬರು ತಂದು ಸುಡತೊಡಗಿದ. ಪಕ್ಕದ ಭಟ್ಟಿಯ ಹುಲಿಯಪ್ಪನೂ ಅದನ್ನೇ ಸುಟ್ಟ. ಇದು ತಪ್ಪು ಎಂದು ಇಬ್ಬರಿಗೂ ಗೊತ್ತಿತ್ತು. ಒಲೆ ಆರಿಸಿ ಕೂತರೆ ಉಣ್ಣುವುದೇನು ಎಂಬುದೂ ಗೊತ್ತಿತ್ತು.

ಕೆಮ್ಮು ಮೊದಲು ಬೆಳಗಿನ ಹೊತ್ತು ಬರುತ್ತಿತ್ತು, ಆಮೇಲೆ ಹೊತ್ತುಗೊತ್ತು ನೋಡುವುದನ್ನು ಬಿಟ್ಟಿತು. ಮಾತಿನ ನಡುವೆ ಇಮಾಮ್ ಸಾಬ್ ಗೋಡೆ ಹಿಡಿದು ನಿಲ್ಲುತ್ತಿದ್ದ. ಕಡೆಗೊಂದು ದಿನ ಉಸಿರೇ ಎಳೆಯಲಾಗದೆ ಆಸ್ಪತ್ರೆ ಸೇರಿದ. ಡಾಕ್ಟರು ನೂರ್ಜಹಾನಳನ್ನು ಹೊರಗೆ ಕರೆದು, “ಇವರು ಮತ್ತೆ ಆ ಹೊಗೆಗೆ ಹೋದರೆ ಮುಂದಿನ ಚಳಿಗಾಲ ದಾಟಲ್ಲಮ್ಮಾ” ಎಂದರು. ಅವಳು ಅದನ್ನು ಗಂಡನಿಗೆ ಹೇಳಿದಳು. “ಒಲಿ ಬಾಯಿ ಬಿಟ್ಟು ಮನ್ಯಾಗ ಕುಂತ್ರೆ ಅದಕ್ಕಿಂತ ಮೊದ್ಲೇ ಹೋಗ್ತೀನಿ” ಎಂದು ಅವನು ಗೋಡೆ ಕಡೆ ತಿರುಗಿ ಮಲಗಿದ. ಗಂಡ ಭಟ್ಟಿ ಬಿಡುವವನಲ್ಲ, ಹಾಗಾದರೆ ಬೆಂಕಿಯೇ ಬದಲಾಗಬೇಕು. ಹೊಗೆಯಿಲ್ಲದ ಬೆಂಕಿ ಎಲ್ಲಿ ಸಿಗುತ್ತದೆ ಎಂಬುದೊಂದೇ ಅವಳ ತಲೆಯಲ್ಲಿ ಕೂತಿತು.

ದಾರಿ ತೋರಿಸಿದ್ದು ಮಗ ಜುಬೇರ್. ಅವನು ಲಗೇಜ್ ಆಟೊ ಓಡಿಸುತ್ತಾನೆ. ಹರಿಹರದಿಂದ ಕೊಂಡಜ್ಜಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ವೈನ್ ಕಂಪನಿ ಇದೆ. ಅಲ್ಲಿಗೆ ಖಾಲಿ ಬಾಟಲಿ ಮುಟ್ಟಿಸಲು ಹೋದವನು ಅಲ್ಲಿಯ ಪಜೀತಿ ನೋಡಿ ಬಂದಿದ್ದ. ವಿಜಯಪುರದ ಕಡೆಯಿಂದ ಲಾರಿಯಲ್ಲಿ ಬರುವ ದ್ರಾಕ್ಷಿಯ ರಸ ತೆಗೆದ ಮೇಲೆ ಉಳಿಯುವ ಸಿಪ್ಪೆ, ಬೀಜ, ತೊಟ್ಟು ಎಲ್ಲ ಹಿತ್ತಲಲ್ಲಿ ಗುಡ್ಡೆ ಬಿದ್ದು ಕೊಳೆಯುತ್ತಿತ್ತು. ವಾಸನೆಗೂ ನೊಣಕ್ಕೂ ಬೇಸತ್ತ ಅಕ್ಕಪಕ್ಕದ ಹೊಲದವರು ಜಗಳಕ್ಕೆ ಬಂದಿದ್ದರು. ಮಾಲೀಕ ಅಂಜನ್ ಕುಮಾರ್ ಒಂದು ಯಂತ್ರ ತಂದು ಆ ಚರಟವನ್ನು ಒಣಗಿಸಿ, ಒತ್ತಿ, ಸಾಬೂನಿನ ಹಾಗೆ ಬಿಲ್ಲೆ ಮಾಡಿಸಿದ್ದ. ಬಿಲ್ಲೆಯೇನೋ ಆಯಿತು, ಉರಿಸುವವರು ಯಾರು? ಜುಬೇರ್ ನಾಲ್ಕು ಬಿಲ್ಲೆ ಕೇಳಿ ತಂದು ತಾಯಿಯ ಮುಂದಿಟ್ಟ. ನೂರ್ಜಹಾನ್ ಅಡುಗೆಮನೆಯ ಹಿಂದೆ ಮೂರು ಕಲ್ಲು ಹೂಡಿ ಹಚ್ಚಿ ನೋಡಿದಳು. ನಿಧಾನಕ್ಕೆ ಹತ್ತಿಕೊಂಡಿತು, ಆಮೇಲೆ ಗಟ್ಟಿಯಾಗಿ ಉರಿಯಿತು. ಹೊಗೆ ಇದ್ದೂ ಇಲ್ಲದಷ್ಟು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

ಜುಬೇರ್ ಹೋಗಿ ಹೇಳಿದ್ದಕ್ಕೆ ಮರುದಿನ ಕಂಪನಿಯ ಹುಡುಗಿ ಬಂದಳು. ಹೆಸರು ಅಂಕಿತಾ. ಕಂಪನಿಯ ಸಾಮಾಜಿಕ ಜವಾಬ್ದಾರಿ, ಪರಿಸರ ಜವಾಬ್ದಾರಿ ಎರಡೂ ಅವಳೊಬ್ಬಳ ಹೆಗಲ ಮೇಲೆ. ಸಣ್ಣ ಕಂಪನಿ ನೋಡಿ, ಬಾಟಲಿಗೆ ಲೇಬಲ್ ಸೊಟ್ಟಗೆ ಅಂಟಿದೆಯಾ ಎಂದೂ ಅವಳೇ ನೋಡಬೇಕಿತ್ತು.

“ಕಾನೂನು ನಮ್ಮಂಥ ಸಣ್ಣೋರಿಗೆ ಇದನ್ನ ಕಡ್ಡಾಯ ಮಾಡಿಲ್ಲಮ್ಮ, ನಾವಾಗೇ ಮಾಡ್ತಿರೋದು” ಎಂದಳು ಅಂಕಿತಾ. “ಬಿಲ್ಲೆ ಫ್ರೀ ಕೊಡ್ತೀವಿ. ಭಟ್ಟಿ ಮುಂದೆ ನಮ್ಮದೊಂದು ಬೋರ್ಡ್ ಹಾಕ್ಬೇಕು, ಒಂದು ಫೋಟೋ ಬೇಕು. ನಮ್ಮ ವೈನ್ ತಗೊಳ್ಳೋ ಬೆಂಗಳೂರಿನ ಹೋಟೆಲಿನೋರು, ಪರಿಸರಕ್ಕೆ ಏನು ಮಾಡ್ತೀರಿ ತೋರಿಸ್ರಿ ಅಂತ ಕೇಳ್ತಾರೆ.”

“ಇದರಾಗ ವೈನು ಏನಾರ ಉಳಿದಿರ್ತೈತೇನವ್ವ?”

“ಏನೂ ಇಲ್ಲ. ಒಣಗಿಸಿದ ಮೇಲೆ ಬರೀ ಸಿಪ್ಪೆ, ಬೀಜ.”

ನೂರ್ಜಹಾನ್‌ಗೆ ಅಷ್ಟು ಸಾಕಾಗಿತ್ತು. ಗಂಡನಿಗೆ ಸಾಕಾಗುವುದಿಲ್ಲ ಎಂಬುದೂ ಗೊತ್ತಿತ್ತು. ಕುಡಿಯುವವರ ತಟ್ಟೆಗೆ ಮಂಡಕ್ಕಿ ಕೊಡದವನು, ಹೆಂಡದ ಕಾರ್ಖಾನೆಯ ಚರಟದ ಮೇಲೆ ಮಂಡಕ್ಕಿ ಹುರಿಯುತ್ತಾನೆಯೇ? ಪ್ರಾಣ ಹೋದರೂ ಇಲ್ಲ. ಆ ಮಾತು ಈಗ ಬರೀ ಮಾತಿಗೆ ಹೇಳುವಂಥದ್ದಾಗಿರಲಿಲ್ಲ. “ಬೋರ್ಡು ಸ್ವಲ್ಪ ದಿನ ತಡಿಯವ್ವ, ನಮ್ಮ ಮನಿಯವರು ಹುಷಾರಾಗಲಿ” ಎಂದು ಹೇಳಿ ಬಿಲ್ಲೆ ಇಳಿಸಿಕೊಂಡಳು. ಗಂಡ ಆಸ್ಪತ್ರೆಯಿಂದ ಬಂದು ಕೇಳಿದಾಗ, ಶೇಂಗಾ ಸಿಪ್ಪೆಯ ಬಿಲ್ಲೆ ಎಂದಳು. ಇಮಾಮ್ ಸಾಬ್‌ನ ಒಂದು ಕಣ್ಣಿಗೆ ಪೊರೆ ಬಂದಿತ್ತು, ಮೂಗು ಯಾವತ್ತೋ ಸತ್ತಿತ್ತು. ಹೆಂಡತಿಯ ಮಾತನ್ನು ಅನುಮಾನಿಸುವ ಅಭ್ಯಾಸ ಮೊದಲಿಂದಲೂ ಇರಲಿಲ್ಲ. ಅವಳಿಗೆ ನಾಲಿಗೆ ಮೇಲೆ ಕೆಂಡ ಇಟ್ಟ ಹಾಗಾಯಿತು. ಆದರೂ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಕೆಮ್ಮು ಇಳಿಯಿತು. ಮಳೆ ಹಿಡಿದ ಮೇಲೆ ಒಂದು ದಿನ ಮಸೀದಿಗೆ ಎಲ್ಲೂ ನಿಲ್ಲದೆ ನಡೆದು ಹೋಗಿ ಬಂದ. ನೂರ್ಜಹಾನ್ ಬಾಗಿಲಲ್ಲಿ ನಿಂತು ಅವನು ಬರುವುದನ್ನೇ ನೋಡುತ್ತಿದ್ದಳು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಎಡವಟ್ಟು ಶುರುವಾದದ್ದು ಅಲ್ಲಿಂದಲೇ. ಇಮಾಮ್ ಸಾಬ್ ಆಸ್ಪತ್ರೆಯಿಂದ ಬಂದ ಮೇಲೆ ಯಾರೋ ಹೇಳಿದರೆಂದು ಹದಡಿ ಕಡೆಯ ಒಬ್ಬ ಪಂಡಿತರ ಕಷಾಯ ಕುಡಿಯುತ್ತಿದ್ದ. ಎದೆ ಹಗುರಾದದ್ದು ಕಷಾಯದಿಂದಲೇ ಎಂದು ಅವನು ಖಂಡಿತವಾಗಿ ನಂಬಿದ. ನಂಬಿದ್ದನ್ನು ಮುಚ್ಚಿಟ್ಟುಕೊಳ್ಳುವ ಜಾತಿಯವನೂ ಅಲ್ಲ. ಕೆಮ್ಮುವ ಭಟ್ಟಿಯವರಿಗೆಲ್ಲ ಹೇಳಿದ್ದೇ ಹೇಳಿದ್ದು. ಹುಲಿಯಪ್ಪನನ್ನಂತೂ ಜುಬೇರನ ಆಟೊದಲ್ಲಿ ಕೂರಿಸಿಕೊಂಡು ತಾನೇ ಕರೆದುಕೊಂಡು ಹೋದ. ಹುಲಿಯಪ್ಪ ಬೆಳಿಗ್ಗೆ ಎದ್ದು ಕಷಾಯ ಕುಡಿಯುವುದು, ಆಮೇಲೆ ಟೈರು ಹಚ್ಚಿ ಕೂರುವುದು. ಗೋಡೆಯಾಚೆ ಅವನ ಕೆಮ್ಮು ಕೇಳಿದಾಗೆಲ್ಲ ಇಮಾಮ್ ಸಾಬ್, “ನಂಬಿಕಿ ಇಟ್ಟು ಕುಡಿಯಲ್ಲ ಅವನು” ಎಂದು ಬೇಸರ ಮಾಡಿಕೊಳ್ಳುತ್ತಿದ್ದ. ನೂರ್ಜಹಾನ್ ಜರಡಿ ಆಡಿಸುತ್ತ ಸುಮ್ಮನಿರುತ್ತಿದ್ದಳು.

ಅತ್ತ ಅಂಕಿತಾಳ ಫೋನು. “ಅಮ್ಮ, ಬೋರ್ಡ್ ರೆಡಿ ಇದೆ. ಸರ್ ಪದೇ ಪದೇ ಕೇಳ್ತಿದಾರೆ. ಬೋರ್ಡ್ ಇಲ್ದೆ ಬಿಲ್ಲೆ ಯಾಕೆ ಕೊಡ್ತಿದೀರ ಅಂತ ಬೈತಾರೆ. ಈ ಶನಿವಾರ ಬರ್ಲಾ?” ನೂರ್ಜಹಾನ್ ಒಂದು ಸಲ ಮಳೆ ಎಂದಳು, ಇನ್ನೊಂದು ಸಲ ನೆಂಟರ ಮದುವೆ ಎಂದಳು. ಸುಳ್ಳು ಹೇಳುವುದರಲ್ಲಿ ಕೈ ಪಳಗುತ್ತಿದೆಯಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಬೋರ್ಡು ಬಂದರೆ ಗಂಡನಿಗೆ ಗೊತ್ತಾಗುತ್ತದೆ, ಬರದಿದ್ದರೆ ಬಿಲ್ಲೆ ನಿಲ್ಲುತ್ತದೆ. ಎರಡರಲ್ಲಿ ಯಾವುದಾದರೂ ಕಡೆಗೆ ಮತ್ತೆ ಟೈರೇ.

ಒಂದು ಶುಕ್ರವಾರ ಹುಲಿಯಪ್ಪನ ಹೆಂಡತಿ ಮಾರೆಮ್ಮ ಬಂದು ಜರಡಿಯ ಪಕ್ಕ ಕೂತಳು. ತಗ್ಗಿದ ದನಿಯಲ್ಲಿ ಕೇಳಿದಳು.

“ನೂರ್ಜಾನಕ್ಕ, ನಿಮ್ಮ ಮನಿಯೋರಿಗೆ ಪಥ್ಯ ಏನು ಮಾಡಿದ್ರಿ? ನಿಜ ಹೇಳ್ರಿ. ನಾವು ಹುಳಿ ಬಿಟ್ವಿ, ಮೊಸರು ಬಿಟ್ವಿ. ಉಪ್ಪು ಬಿಟ್ಟು ತಿಂಗಳಾತು. ನನ್ನ ಗಂಡ ಮುದ್ದಿ ಬರೇ ನೀರಿಗೆ ಅದ್ದಿಕೊಂಡು ನುಂಗ್ತಾನ. ನಿನ್ನೆ ಕೆಮ್ಮಿದಾಗ ರಕ್ತ ಬಂತು. ಏನೋ ಒಂದು ನಮಗ ತಪ್ಪೈತಿ.”

ನೂರ್ಜಹಾನ್ ಜರಡಿ ಕೆಳಗಿಟ್ಟಳು. ತನ್ನ ಸುಳ್ಳು ತನ್ನ ಮನೆಯೊಳಗೇ ಇದೆ ಎಂದುಕೊಂಡಿದ್ದಳು ಅವಳು. ಅದು ಗೋಡೆ ದಾಟಿ ಹೋಗಿ ಇನ್ನೊಬ್ಬರ ಮುದ್ದೆಯ ಉಪ್ಪು ಕಿತ್ತುಕೊಂಡಿತ್ತು.

“ಪಥ್ಯ ಏನೂ ಇಲ್ಲ ಮಾರೆಮ್ಮ. ನಾನು ಬೆಂಕಿ ಬದಲಾಯಿಸಿದೆ” ಎಂದಳು. ಎಲ್ಲವನ್ನೂ ಹೇಳಿದಳು: ಕೊಂಡಜ್ಜಿ ದಾರಿಯ ಕಂಪನಿ, ಚರಟದ ಬಿಲ್ಲೆ, ಗಂಡನಿಗೆ ಹೇಳಿದ ಸುಳ್ಳು. ಮಾರೆಮ್ಮ ಬೈಯಲಿಲ್ಲ, ಅಳಲಿಲ್ಲ. “ಮೊದ್ಲೇ ಹೇಳಿದ್ರೆ ಆಗ್ತಿತ್ತಲ್ಲಕ್ಕ” ಎಂದಷ್ಟೇ ಹೇಳಿ ಎದ್ದು ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾರೆಮ್ಮ ಹೊರಗೆ ಹೋದದ್ದೇ ತಡ, ನೂರ್ಜಹಾನ್ ನೇರ ಒಲೆಯ ಹತ್ತಿರ ಹೋದಳು. ಇಮಾಮ್ ಸಾಬ್ ಒಲೆಗೆ ಹಾಕಲೆಂದು ಕೈಯಲ್ಲೊಂದು ಬಿಲ್ಲೆ ಹಿಡಿದಿದ್ದ.

“ಅದು ಶೇಂಗಾದ್ದಲ್ರಿ. ವೈನು ಮಾಡಿ ಉಳಿದ ದ್ರಾಕ್ಷಿ ಚರಟ.”

ಅವನು ಬಿಲ್ಲೆಯನ್ನು ತಿರುಗಿಸಿ ನೋಡಿದ. ಎಸೆಯಲಿಲ್ಲ, ಮೆಲ್ಲಗೆ ನೆಲಕ್ಕಿಟ್ಟ.

“ಯಾವಾಗಿಂದ?”

“ನೀವು ಆಸ್ಪತ್ರಿಯಿಂದ ಬಂದಾಗಿಂದ.”

“ದರ್ಗಾಕ್ಕ ಕಳಿಸಿದ್ದೂ ಇದರ ಮ್ಯಾಲೇನಾ?”

“ಹೌದ್ರಿ.”

“ಅಂದ್ರ ನನ್ನ ಕೈಲೇ ಒಲಿಗೆ ಹಾಕಿಸಿದಿ.”

ಇಮಾಮ್ ಸಾಬ್ ಕೈ ತೊಳೆದುಕೊಂಡು ಹೊರಗೆ ಹೋದ. ಒಲೆ ತಾನಾಗಿ ಆರಿತು, ಮರಳು ತಣ್ಣಗಾಯಿತು. ಮದುವೆಯಾದಾಗಿನಿಂದ ಆ ಭಟ್ಟಿ ಹಬ್ಬಕ್ಕೆ, ಸಾವಿಗೆ, ಗಂಡ ಆಸ್ಪತ್ರೆಯಲ್ಲಿದ್ದಾಗ ಬಿಟ್ಟರೆ ಹಾಗೆ ಆರಿದ್ದನ್ನು ನೂರ್ಜಹಾನ್ ನೋಡಿರಲಿಲ್ಲ. ಮುಂದಿನ ಕೆಲವು ದಿನ ಅವನು ಉಂಡ, ಮಲಗಿದ, ಮಸೀದಿಗೆ ಹೋಗಿ ಬಂದ. ಹೆಂಡತಿಯ ಜೊತೆ ಒಂದು ಮಾತೂ ಆಡಲಿಲ್ಲ. ಉಪ್ಪುನೀರು ಉಂಡ ಅಕ್ಕಿ ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಶನಿವಾರ ಅಂಕಿತಾ ಫೋನ್ ಮಾಡಿದಾಗ ನೂರ್ಜಹಾನ್ ಹೊಸ ಸುಳ್ಳು ಹುಡುಕಲಿಲ್ಲ. “ಈಗ ಬ್ಯಾಡವ್ವ, ಮನ್ಯಾಗ ಸರಿ ಇಲ್ಲ” ಎಂದು ಇಟ್ಟುಬಿಟ್ಟಳು.

ಒಂದು ಬೆಳಿಗ್ಗೆ ಭಟ್ಟಿಯ ಹಿಂದೆ ಏನೋ ಎಳೆಯುವ ಸದ್ದು ಕೇಳಿ ಎದ್ದು ಹೋದಳು. ಇಮಾಮ್ ಸಾಬ್ ಹಳೆ ಟೈರುಗಳ ಮೇಲಿನ ತಾಡಪಾಲು ಸರಿಸುತ್ತಿದ್ದ.

“ಅದನ್ನ ಹಚ್ಚಿದ್ರೆ ನಾನು ಹರಿಹರಕ್ಕ ಹೋಗ್ತೀನಿ” ಎಂದಳು ನೂರ್ಜಹಾನ್. “ನಿಮಗ ಸಿಟ್ಟು ಬಂದ್ರೆ ನನ್ನ ಹೊಡೀರಿ, ಮನಿಯಿಂದ ಹೊರಗ ಹಾಕ್ರಿ. ನೀವು ಉಸಿರುಗಟ್ಟಿ ಸಾಯೋದು ನೋಡ್ಕೋತ ಜರಡಿ ಹಿಡಿಯಾಕ ನನ್ನ ಕೈಲಾಗಲ್ಲ. ನೀವು ಇರಬೇಕು ಅಂತ ಸುಳ್ಳು ಹೇಳಿದೆ. ಇನ್ನೊಂದು ಸಲ ಹಂಗೇ ಆದ್ರೆ ಇನ್ನೊಂದು ಸಲ ಹೇಳ್ತೀನಿ.”

ಇಷ್ಟು ವರ್ಷದಲ್ಲಿ ಗಂಡನಿಗೆ ಹಾಗೆ ಎದುರು ನಿಂತು ಮಾತಾಡಿದ್ದು ಅದೇ ಮೊದಲು. ಇಮಾಮ್ ಸಾಬ್ ತಾಡಪಾಲು ಕೈಬಿಟ್ಟು ಟೈರಿನ ಮೇಲೆಯೇ ಕೂತ.

“ಮಸೀದಿ ಹಜರತ್ ಹತ್ರ ಕೇಳಿದೆ. ಸುಟ್ಟು ಬೂದಿಯಾಗೋ ಸಿಪ್ಯಾಗ ಏನಿಲ್ಲ, ಮನಸ್ಸಿಗೆ ಹಚ್ಕೋಬ್ಯಾಡ ಅಂದ್ರು” ಎಂದ. ಆಮೇಲೆ ಹೇಳಿದ: “ನನ್ನ ಮನಸ್ಸು ಒಪ್ಪಲಿಲ್ಲ. ಆದ್ರ ನನ್ನ ಮನಸ್ಸಿನ ಮಾತು ಬಿಡು. ಕೊಳ್ಳೋರಿಗೆ ಹೇಳದ ಮಾರಿದ್ವಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು. ತಿನ್ನೋರಾಗ ನನ್ನಂಗ ಬ್ಯಾಡ ಅನ್ನೋರೂ ಇದ್ದಾರು. ಆ ಹುಡುಗಿಗೆ ಫೋನ್ ಮಾಡು. ಬೋರ್ಡು ತರ್ಲಿ.”

ಯಾವ ಬೋರ್ಡಿಗೆ ಹೆದರಿ ಇಷ್ಟು ದಿನ ತಲೆ ತಪ್ಪಿಸಿಕೊಂಡು ತಿರುಗಿದ್ದಳೋ ಅದನ್ನು ಗಂಡ ತಾನಾಗಿ ಕರೆಸುತ್ತಾನೆ ಎಂದು ನೂರ್ಜಹಾನ್ ಕನಸಲ್ಲೂ ನೆನೆಸಿರಲಿಲ್ಲ.

ಅಂಕಿತಾ ಬಂದಳು, ಜೊತೆಗೆ ಮಾಲೀಕ ಅಂಜನ್ ಕುಮಾರ್ ಕೂಡ ಕ್ಯಾಮೆರಾದವನನ್ನು ಕರೆದುಕೊಂಡು ಬಂದ. ಬೋರ್ಡು ಚೆನ್ನಾಗಿಯೇ ಇತ್ತು. ಹಸಿರು ಬಣ್ಣ, ಮೂಲೆಯಲ್ಲಿ ದ್ರಾಕ್ಷಿ ಗೊಂಚಲು, ದಪ್ಪಕ್ಷರದಲ್ಲಿ ಕಂಪನಿಯ ಹೆಸರು, ಕೆಳಗೆ “ಪರಿಸರಸ್ನೇಹಿ ಇಂಧನ, ನಮ್ಮ ಸಾಮಾಜಿಕ ಜವಾಬ್ದಾರಿ” ಎಂದು ಬರೆದಿತ್ತು. ಇಮಾಮ್ ಸಾಬ್ ಜುಬೇರನ ಕೈಲಿ ಅದನ್ನು ಎರಡು ಸಲ ಓದಿಸಿದ.

“ಯಾವ ಇಂಧನ ಅಂತ ಬರ್ದಿಲ್ಲಲ್ರಿ?”

“ಪರಿಸರಸ್ನೇಹಿ ಅಂತ ಇದೆಯಲ್ಲ ಸಾಬ್ರೆ” ಎಂದ ಅಂಜನ್ ಕುಮಾರ್.

“ಹಂಗಲ್ಲ. ಇಲ್ಲಿ ಮಂಡಕ್ಕಿ ಹುರಿಯೋದು ವೈನ್ ಮಾಡಿ ಉಳಿದ ದ್ರಾಕ್ಷಿ ಚರಟದ ಬೆಂಕ್ಯಾಗ ಅಂತ ಬರೀರಿ. ದೊಡ್ಡದಾಗಿ.”

ಅಂಜನ್ ಕುಮಾರ್ ಕತ್ತು ಕೆರೆದುಕೊಂಡ. “ಅಷ್ಟು ನೇರವಾಗಿ ಬೇಕಾ? ನಿಮ್ಮ ವ್ಯಾಪಾರಕ್ಕೇ ಪೆಟ್ಟು ಬೀಳುತ್ತೆ. ಜನ ನಮ್ಮ ಕಂಪನಿ ಬಗ್ಗೇನೂ ಏನೇನೋ ಮಾತಾಡ್ತಾರೆ.”

“ನಿಮ್ಮ ಹೆಸರು ಹಾಕಾಕ ನಾಚಿಕಿ ಇಲ್ಲ ಅಂದ ಮ್ಯಾಲೆ ನಿಮ್ಮ ಸಿಪ್ಪಿ ಹೆಸರು ಹಾಕಾಕ ಯಾಕ ನಾಚ್ಕೋತೀರಿ? ಜವಾಬ್ದಾರಿ ಅಂತ ನೀವೇ ಬರೆಸೀರಿ. ಬ್ಯಾಡ ಅಂದ್ರೆ ಬೋರ್ಡು ವಾಪಸ್ ಒಯ್ರಿ.”

ನೂರ್ಜಹಾನ್ ಹಿತ್ತಲ ಕಡೆ ನೋಡಿದಳು. ಬೋರ್ಡು ವಾಪಸ್ಸು ಹೋದರೆ ಬಿಲ್ಲೆಯೂ ಹೋಗುತ್ತದೆ, ಹಿತ್ತಲಲ್ಲಿ ಟೈರು ಇನ್ನೂ ಇದೆ. ಅಂಕಿತಾ ಮಾಲೀಕನನ್ನು ಪಕ್ಕಕ್ಕೆ ಕರೆದಳು. ಏನು ಹೇಳಿದಳೋ, ಬಹಳ ಹೊತ್ತು ಹೇಳಿದಳು; ಬೆಂಗಳೂರಿನ ಹೋಟೆಲಿನವರು ಎಂಬುದಷ್ಟೇ ಕೇಳಿಸಿತು. ಅಂಜನ್ ಕುಮಾರ್ ವಾಪಸ್ಸು ಬಂದು, “ಆಯ್ತು ಸಾಬ್ರೆ, ಹಾಗೇ ಬರೆಸೋಣ” ಎಂದ. ಅವನ ಮುಖದಲ್ಲೇನೂ ಸಂತೋಷ ಕಾಣಲಿಲ್ಲ. ಅವತ್ತೇ ಪೇಂಟರ್ ಬಂದು ಆ ಸಾಲು ಸೇರಿಸಿದ.

ವ್ಯಾಪಾರಕ್ಕೆ ಪೆಟ್ಟು ಬಿದ್ದದ್ದು ನಿಜ. ಎರಡು ಅಂಗಡಿಯವರು ಬೋರ್ಡು ಓದಿ ಬರುವುದನ್ನೇ ಬಿಟ್ಟರು. ಮದುವೆ ಮನೆಗೆಂದು ಹೇಳಿಟ್ಟಿದ್ದ ಒಬ್ಬರು ಬೇಡವೆಂದರು. ಮಿರ್ಚಿ ಗಾಡಿಯ ದುರುಗವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಅಕ್ಷರಕ್ಕೆ ಅಕ್ಷರ ಕೂಡಿಸಿ ಇಡೀ ಬೋರ್ಡು ಓದಿ, “ಇಷ್ಟು ವರ್ಷ ಟೈರು ಅಂತ ಯಾಕ ಬರೆಸಿರಲಿಲ್ಲ ಸಾಬ್ರೆ?” ಎಂದು ಕ್ಯಾತೆ ತೆಗೆದಳು. ಇಮಾಮ್ ಸಾಬ್ ತಲೆ ತಗ್ಗಿಸಿದ. “ಬರೆಸಬೇಕಿತ್ತವ್ವ” ಎಂದ. ದುರುಗವ್ವ ಎಂದಿನಷ್ಟೇ ಚೀಲ ಎತ್ತಿಕೊಂಡು ಹೋದಳು.

ಹುಲಿಯಪ್ಪನ ಭಟ್ಟಿಗೂ ಬಿಲ್ಲೆ ಬಂತು. ಇಮಾಮ್ ಸಾಬ್ ತಾನೇ ಹೋಗಿ, ಕಷಾಯದ ವಿಷಯದಲ್ಲಿ ನನ್ನಿಂದ ತಪ್ಪಾಯಿತು ಎಂದು ಕೈ ಮುಗಿದ. ಹುಲಿಯಪ್ಪ ಈಗ ಉಪ್ಪು ಹಾಕಿದ ಸಾರು ಉಣ್ಣುತ್ತಾನೆ, ಆದರೆ ಅವನ ಎದೆ ತಡವಾಗಿ ಬದಲಾದ ಬೆಂಕಿಯನ್ನು ಒಪ್ಪಿಕೊಳ್ಳುತ್ತದೋ ಇಲ್ಲವೋ ಎಂದು ಡಾಕ್ಟರೂ ಹೇಳುತ್ತಿಲ್ಲ. ನೂರ್ಜಹಾನ್ ಮಾರೆಮ್ಮನ ಮುಖ ನೋಡಿ ಮಾತಾಡಲು ಇನ್ನೂ ಹಿಂಜರಿಯುತ್ತಾಳೆ.

ಭಟ್ಟಿಯೊಳಗೆ ಹಂಚಿಕೆ ಬದಲಾಯಿತು. ಗೊತ್ತಿದ್ದೂ ಗೊತ್ತಿದ್ದೂ ಆ ಬಿಲ್ಲೆಯನ್ನು ನನ್ನ ಕೈಯಿಂದ ಹಾಕಲಾರೆ ಎಂದು ಇಮಾಮ್ ಸಾಬ್ ಒಲೆಯ ಬಾಯನ್ನು ಹೆಂಡತಿಗೆ ಬಿಟ್ಟು ಜರಡಿಗೆ ಕೂತ. ಶುಕ್ರವಾರದ ಮೊದಲ ಒಬ್ಬೆಗೆ ಮಾತ್ರ ಎಲ್ಲಿಂದಲಾದರೂ ಒಂದು ಚೀಲ ಹೊಟ್ಟು ತಂದು ತಾನೇ ಉರಿ ಹಾಕುತ್ತಾನೆ. ನೂರ್ಜಹಾನ್ ಬೆಂಕಿ ಕಲಿತಳು. ಮೊದಮೊದಲು ಮರಳು ಅತಿಯಾಗಿ ಕಾದು ಮಂಡಕ್ಕಿ ಕೆಂಪಗಾಗುತ್ತಿತ್ತು, ಈಗ ಬಿಳಿಯದೇ ಬರುತ್ತದೆ.

ಒಂದು ದಿನ ಬಹಳ ಚೆನ್ನಾಗಿ ಅರಳಿದ ಒಬ್ಬೆ ತೆಗೆದು, ಬಿಸಿ ಇರುವಾಗಲೇ ಬೊಗಸೆ ತುಂಬ ಗಂಡನ ಮುಂದೆ ಹಿಡಿದಳು. ತಾನು ಮಾಡಿದ್ದನ್ನು ಅವನು ತಿಂದು ಚೆನ್ನಾಗಿದೆ ಅನ್ನಬೇಕು ಎಂಬ ಆಸೆ. ಇಮಾಮ್ ಸಾಬ್ ಒಂದು ಕಾಳು ಎತ್ತಿ ಬೆರಳಲ್ಲಿ ಒತ್ತಿ ನೋಡಿದ. “ಚಲೋ ಬಂದೈತಿ” ಎಂದು ವಾಪಸ್ಸು ಅವಳ ಬೊಗಸೆಗೇ ಹಾಕಿದ.

“ಊರೆಲ್ಲ ತಿಂತೈತಿ. ಹಜರತ್ ಕೂಡ ತಪ್ಪಿಲ್ಲ ಅಂದಾರೆ. ಇನ್ನೂ ನನ್ನ ಮ್ಯಾಲೆ ಸಿಟ್ಟೇನ್ರಿ?”

“ಸಿಟ್ಟಿಲ್ಲ” ಎಂದ ಅವನು. ಜರಡಿ ಆಡಿಸುವುದನ್ನು ನಿಲ್ಲಿಸಲಿಲ್ಲ. “ನಾನು ಎಳ್ಕೊಳ್ಳೋ ಉಸಿರೇ ಆ ಬೆಂಕಿ ಋಣ. ಅದಕ್ಕಿಂತ ಜಾಸ್ತಿ ಅದರ ಹತ್ರ ತಗೊಳ್ಳಾಕ ನನಗ ಮನಸ್ಸಿಲ್ಲ.”

ಇಷ್ಟು ಉದ್ದದ ಮಾತನ್ನು ಅವನು ನಡುವೆ ಎಲ್ಲೂ ನಿಲ್ಲದೆ, ಗೋಡೆ ಹಿಡಿಯದೆ, ಒಂದೇ ಉಸಿರಿಗೆ ಆಡಿದ್ದ. ನೂರ್ಜಹಾನ್ ಬೊಗಸೆಯದನ್ನು ಚೀಲಕ್ಕೆ ಸುರಿದು ಒಲೆಯ ಮುಂದೆ ಬಂದು ಕೂತಳು. ಅವನು ಉಳಿದನಲ್ಲ ಎಂದು ಸಂತೋಷವಾಗಿತ್ತು. ತನ್ನ ಕೈಯ ಮಂಡಕ್ಕಿಯನ್ನು ಅವನು ಇನ್ನೆಂದೂ ತಿನ್ನುವುದಿಲ್ಲವಲ್ಲ ಎಂದು ಅಷ್ಟೇ ಸಂಕಟವೂ ಆಯಿತು. ಅವಳು ಇನ್ನೆರಡು ಬಿಲ್ಲೆ ಒಲೆಗೆ ಹಾಕಿದಳು.